ಸೋಲದೆ ಮುಗಿದ 34 ಪಂದ್ಯಗಳು ಮತ್ತು ‘ಅದೃಷ್ಟ’ ಎಂಬ ಆರೋಪ

ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾದ 2023–24ರ ಋತುವಿನ ಮಾತು ಬಂದಾಗಲೆಲ್ಲ ‘ಅವರ ಅದೃಷ್ಟ ಚೆನ್ನಾಗಿತ್ತು ಬಿಡಿ’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಬೇಯರ್ ಲೆವರ್‌ಕುಸೆನ್ ತಂಡ ಆ ವರ್ಷ 34 ಪಂದ್ಯಗಳಲ್ಲಿ 28 ಗೆದ್ದು, 6 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ 90 ಅಂಕಗಳೊಂದಿಗೆ ಚಾಂಪಿಯನ್ ಆಯಿತು. 1963ರಲ್ಲಿ ಆರಂಭವಾದ ಆ ಲೀಗ್‌ನಲ್ಲಿ ಅದಕ್ಕೂ ಮೊದಲು ಯಾವ ತಂಡವೂ ಋತುವಿಡೀ ಅಜೇಯವಾಗಿ ಉಳಿದಿರಲಿಲ್ಲ. ಸತತ 11 ವರ್ಷ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡದ ಬಯರ್ನ್ ಮ್ಯೂನಿಕ್‌ಗೂ ಅದು ದಕ್ಕಿರಲಿಲ್ಲ. ಈ ಸಾಧನೆಯನ್ನು ಅದೃಷ್ಟದ ಖಾತೆಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಮಾತು ಹುಟ್ಟಿದ್ದು ಏಕೆಂಬುದು ಅರ್ಥವಾಗುತ್ತದೆ.

ಆರು ಡ್ರಾಗಳಲ್ಲಿ ಮೂರು ಪಂದ್ಯಗಳು 90ನೇ ನಿಮಿಷದವರೆಗೂ ಸೋಲಿನ ಪಂದ್ಯಗಳೇ ಆಗಿದ್ದವು. ಸೆಪ್ಟೆಂಬರ್‌ನಲ್ಲಿ ಬಯರ್ನ್ ವಿರುದ್ಧ ಎಕ್ಸೆಕಿಯೆಲ್ ಪಲಾಸಿಯೋಸ್ ಹೆಚ್ಚುವರಿ ಅವಧಿಯ ನಾಲ್ಕನೇ ನಿಮಿಷದಲ್ಲಿ ಪೆನಾಲ್ಟಿ ಹೊಡೆಯದಿದ್ದರೆ, ಏಪ್ರಿಲ್‌ನಲ್ಲಿ ಸ್ಟುಟ್‌ಗಾರ್ಟ್ ವಿರುದ್ಧ ರಾಬರ್ಟ್ ಆಂಡ್ರಿಷ್ ಹೆಚ್ಚುವರಿ ಅವಧಿಯ ಆರನೇ ನಿಮಿಷದಲ್ಲಿ ಗೋಲು ಗಳಿಸದಿದ್ದರೆ, ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ. ಹೋಫನ್‌ಹೈಮ್ ವಿರುದ್ಧ 88ನೇ ನಿಮಿಷದವರೆಗೆ 0–1ರಿಂದ ಹಿಂದಿದ್ದ ತಂಡ ಆ ಪಂದ್ಯವನ್ನು ಗೆದ್ದೇಬಿಟ್ಟಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಏಪ್ರಿಲ್ 21ರ ಡಾರ್ಟ್‌ಮಂಡ್ ಪಂದ್ಯ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಇನ್ನೂ ಐದು ಪಂದ್ಯಗಳು ಬಾಕಿ ಇರುವಾಗಲೇ, ವೆರ್ಡರ್ ಬ್ರೆಮನ್ ತಂಡವನ್ನು 5–0ರಿಂದ ಸೋಲಿಸಿ ಲೆವರ್‌ಕುಸೆನ್ ಚಾಂಪಿಯನ್ ಆಗಿತ್ತು. ವಿರಾಮದ ನಂತರ ಕಣಕ್ಕಿಳಿದ ಫ್ಲೋರಿಯನ್ ವಿರ್ಟ್ಸ್ ಹ್ಯಾಟ್ರಿಕ್ ಬಾರಿಸಿದ್ದ. ಅಂತಿಮ ಸೀಟಿಗೂ ಕಾಯದೆ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ್ದರು. ಹಾಗಾಗಿ ಡಾರ್ಟ್‌ಮಂಡ್‌ನಲ್ಲಿ ಸೋತರೂ ಪ್ರಶಸ್ತಿಗೆ ಕುತ್ತಿರಲಿಲ್ಲ. 81ನೇ ನಿಮಿಷದಲ್ಲಿ ನಿಕ್ಲಾಸ್ ಫುಲ್‌ಕ್ರುಗ್ ಗೋಲು ಹೊಡೆದಾಗ ಬಹುತೇಕ ತಂಡಗಳು ಕೈಚೆಲ್ಲಿ ಕುಳಿತಿರುತ್ತಿದ್ದವು. ಇವರು ಹಾಗೆ ಮಾಡಲಿಲ್ಲ. ಹೆಚ್ಚುವರಿ ಅವಧಿಯ ಏಳನೇ ನಿಮಿಷದಲ್ಲಿ ವಿರ್ಟ್ಸ್ ಒದ್ದ ಕಾರ್ನರ್‌ಗೆ ಯೋಸಿಪ್ ಸ್ಟಾನಿಶಿಚ್ ತಲೆಕೊಟ್ಟು 1–1 ಮಾಡಿದ. ಈ ಸ್ಟಾನಿಶಿಚ್ ಬಯರ್ನ್‌ನಿಂದ ಒಂದು ವರ್ಷಕ್ಕೆ ಎರವಲು ಬಂದಿದ್ದ ಡಿಫೆಂಡರ್ ಎಂಬುದು ಈ ಕಥೆಯ ತಮಾಷೆಗಳಲ್ಲೊಂದು. ಫೆಬ್ರವರಿಯಲ್ಲಿ ಬಯರ್ನ್ 0–3ರಿಂದ ಸೋತ ಪಂದ್ಯದ ಮೊದಲ ಗೋಲೂ ಅವನದೇ. ಒಮ್ಮೆ ನಡೆದರೆ ಅದನ್ನು ಅದೃಷ್ಟ ಎನ್ನಬಹುದು. ತಿಂಗಳುಗಟ್ಟಲೆ, ಗೆಲ್ಲಬೇಕಾದ ಅಗತ್ಯವೇ ಇಲ್ಲದ ದಿನವೂ ನಡೆದರೆ ಅದನ್ನು ಅಭ್ಯಾಸವೆಂದೇ ಕರೆಯಬೇಕು.

ಆ ಅಭ್ಯಾಸದ ಹಿಂದೆ ಲೆಕ್ಕಾಚಾರವೂ ಇತ್ತು. ಜನವರಿಯಲ್ಲಿ ದೇಶಗಳ ನಡುವಿನ ಆಫ್ರಿಕಾ ಕಪ್‌ಗಾಗಿ ಎಡ್ಮಂಡ್ ತಪ್ಸೋಬಾ, ಒದಿಲಾನ್ ಕೊಸುನು, ಅಮೀನ್ ಅದ್ಲಿ ತಂಡದಿಂದ ಹೊರಗಿದ್ದರು, ಮುಖ್ಯ ಫಾರ್ವರ್ಡ್ ವಿಕ್ಟರ್ ಬೊನಿಫೇಸ್ ಗಾಯಗೊಂಡಿದ್ದ. ಅದೇ ತಿಂಗಳು ಆಗ್ಸ್‌ಬರ್ಗ್ ಮತ್ತು ಲೈಪ್‌ಜಿಗ್ ವಿರುದ್ಧ ಎರಡೂ ಪಂದ್ಯಗಳನ್ನು ಕೊನೆಯ ಕ್ಷಣದ ಗೋಲಿನಿಂದ ಗೆಲ್ಲಲಾಯಿತು. ಬದಲಿ ಆಟಗಾರರು ಇಳಿದರೂ ಆಟದ ಧಾಟಿ ಬದಲಾಗದಂತೆ ನೋಡಿಕೊಂಡದ್ದು ಕೋಚ್ ಶಾಬಿ ಅಲೊನ್ಸೊ ಅವರ ನಿಜವಾದ ಹೆಗ್ಗಳಿಕೆ. ಅವರು 2022ರ ಅಕ್ಟೋಬರ್‌ನಲ್ಲಿ ಹೊಣೆ ಹೊತ್ತಾಗ ತಂಡ ಎಂಟು ಪಂದ್ಯಗಳಿಂದ ಐದೇ ಅಂಕ ಗಳಿಸಿ 17ನೇ ಸ್ಥಾನದಲ್ಲಿತ್ತು. ಮುಂದಿನ ಬೇಸಿಗೆಯಲ್ಲಿ ಇಂಗ್ಲೆಂಡಿನ ಆರ್ಸೆನಲ್‌ನಿಂದ ಗ್ರಾನಿಟ್ ಜಾಕಾ ಬಂದರು, ಬೆನ್ಫಿಕಾದಿಂದ ಅಲೆಹಾಂಡ್ರೊ ಗ್ರಿಮಾಲ್ಡೊ ವರ್ಗಾವಣೆ ಶುಲ್ಕವಿಲ್ಲದೆ ಬಂದರು.

ಇತರ ಅಜೇಯ ತಂಡಗಳ ಪಕ್ಕದಲ್ಲಿಟ್ಟು ನೋಡಿದರೆ ಆ ಆರು ಡ್ರಾಗಳ ಬೆಲೆ ತಿಳಿಯುತ್ತದೆ. 2003–04ರ ಆರ್ಸೆನಲ್ 38 ಪಂದ್ಯಗಳಲ್ಲಿ 12 ಡ್ರಾ ಮಾಡಿಕೊಂಡಿತ್ತು, 2011–12ರ ಇಟಲಿಯ ಯುವೆಂಟಸ್ 15. ಆ ತಂಡಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಆರ್ಸೆನಲ್‌ನ ಆ ವರ್ಷವಂತೂ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಫಾನ್ ನಿಸ್ಟೆಲ್‌ರಾಯ್ ಒದ್ದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ಉಳಿದದ್ದು ನೆನಪಿದ್ದವರಿಗೆ ನೆನಪಿದೆ. ಸೋಲದಿರುವುದು ಬೇರೆ, ಸೋಲದೆ ಗೆಲ್ಲುತ್ತಲೇ ಹೋಗುವುದು ಬೇರೆ ಎನ್ನುವುದಷ್ಟೇ ನನ್ನ ವಾದ. ಹಾಗೆಂದು ಎಲ್ಲ ದಾಖಲೆಗಳೂ ಲೆವರ್‌ಕುಸೆನ್ ಪಾಲಾಗಲಿಲ್ಲ: 2012–13ರಲ್ಲಿ ಬಯರ್ನ್ ಗಳಿಸಿದ 91 ಅಂಕಗಳ ದಾಖಲೆ ಒಂದೇ ಅಂಕದಿಂದ ತಪ್ಪಿತು. ಆ ಬಯರ್ನ್ ಒಂದು ಪಂದ್ಯ ಸೋತಿತ್ತು.

ಇದನ್ನು ಬಡತಂಡವೊಂದು ಸಿರಿವಂತರನ್ನು ಮಣಿಸಿದ ಕಥೆಯಂತೆ ಹೇಳುವವರ ಬಗ್ಗೆ ನನಗೆ ತಕರಾರಿದೆ. ಬೇಯರ್ ಔಷಧ ಕಂಪನಿಯ ನೌಕರರು ತಮಗೊಂದು ಕ್ರೀಡಾ ಕ್ಲಬ್ ಬೇಕೆಂದು ಆಡಳಿತಕ್ಕೆ ಬರೆದ ಪತ್ರದಿಂದ 1904ರಲ್ಲಿ ಹುಟ್ಟಿದ ಕ್ಲಬ್ ಇದು. ಕ್ಲಬ್‌ಗಳಲ್ಲಿ ಸದಸ್ಯರಿಗೇ ಬಹುಮತ ಇರಬೇಕೆಂಬ ಜರ್ಮನಿಯ ‘50+1’ ನಿಯಮದಿಂದ ಇದಕ್ಕೆ ವಿನಾಯಿತಿ ಇದೆ, ಹಿಂದೆ ದೊಡ್ಡ ಕಂಪನಿಯೇ ನಿಂತಿದೆ. ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿ ಬೆಳೆದ ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳಿಗೆ ಕಾರ್ಖಾನೆಯ ತಂಡವೆಂಬುದು ಹೊಸದೇನಲ್ಲ. ಆದರೆ ಜರ್ಮನಿಯ ಅನೇಕ ಅಭಿಮಾನಿಗಳಿಗೆ ಅದು ಇಂದಿಗೂ ಹಿಡಿಸದ ಸಂಗತಿ. ಹಣವಿದ್ದೂ ಅಲ್ಲಿಯವರೆಗೆ ಈ ಕ್ಲಬ್ ಲೀಗ್ ಗೆದ್ದಿರಲಿಲ್ಲ. 2000ರಲ್ಲಿ ಲೀಗ್‌ನ ಕೊನೆಯ ಪಂದ್ಯದಲ್ಲಿ ಪ್ರಶಸ್ತಿಗೆ ಡ್ರಾ ಸಾಕಿತ್ತು, ಉಂಟರ್‌ಹಾಖಿಂಗ್‌ನಲ್ಲಿ 0–2ರಿಂದ ಸೋತರು. 2002ರಲ್ಲಿ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರರಲ್ಲೂ ಎರಡನೆಯವರಾದರು. ‘ಅದೃಷ್ಟ’ ಎನ್ನುವವರು ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲ ಟೂರ್ನಿಗಳೂ ಸೇರಿ 51 ಪಂದ್ಯಗಳ ಅಜೇಯ ಓಟ ನಿಂತದ್ದು 2024ರ ಮೇ 22ರಂದು, ಡಬ್ಲಿನ್‌ನ ಯುರೋಪಾ ಲೀಗ್ ಫೈನಲ್‌ನಲ್ಲಿ. ಇಟಲಿಯ ಅಟಲಾಂಟಾ ತಂಡದ ಅಡೆಮೊಲಾ ಲುಕ್ಮನ್ ಮೂರು ಗೋಲು ಹೊಡೆದ. ಮೂರು ದಿನಗಳ ಬಳಿಕ ಲೆವರ್‌ಕುಸೆನ್ ಜರ್ಮನ್ ಕಪ್ ಗೆದ್ದಿತು. ಲೀಗ್‌ನಲ್ಲಿ ಮೊದಲ ಸೋಲು ಕಾಣಲು ಆಗಸ್ಟ್ 31ರವರೆಗೆ ಕಾಯಬೇಕಾಯಿತು: ತವರಿನಲ್ಲಿ ಲೈಪ್‌ಜಿಗ್ ವಿರುದ್ಧ 2–0 ಮುನ್ನಡೆ ಪಡೆದೂ 2–3ರಿಂದ ಸೋತರು. ಆ ಋತುವಿನ ಕೊನೆಗೆ ಪ್ರಶಸ್ತಿ ಬಯರ್ನ್‌ಗೆ ಮರಳಿತು. ಅಲೊನ್ಸೊ ರಿಯಲ್ ಮ್ಯಾಡ್ರಿಡ್‌ಗೂ, ವಿರ್ಟ್ಸ್ ಲಿವರ್‌ಪೂಲ್‌ಗೂ, ಡಿಫೆಂಡರ್ ಯೊನಾಥನ್ ತಾ ಬಯರ್ನ್‌ಗೂ ಹೊರಟರು. ಆದರೂ 2024–25ರಲ್ಲಿ ಲೆವರ್‌ಕುಸೆನ್ ಸೋತ ಮೂರೂ ಪಂದ್ಯಗಳು ತವರಿನಲ್ಲಿ ನಡೆದವು. ಹೊರಗೆ ಆಡಿದ 17ರಲ್ಲಿ ಆ ವರ್ಷವೂ ಒಂದನ್ನೂ ಸೋಲಲಿಲ್ಲ.