ಕಡಲ ಜೇಡ, ಕನ್ನಡಿ ಜೇಡ, ಒಂದು ಹಿಡಿಸೂಡಿ

ಈ ವರ್ಷ ನಮ್ಮ ಮನೆಗೆ ಜೇಡದ ಸ್ಪ್ರೇ ಹೊಡೆಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಊರಲ್ಲಿರುವವರಿಗೆ ಇದೆಂಥ ದೊಡ್ಡ ತೀರ್ಮಾನ ಅನ್ನಿಸಬಹುದು. ಅಮ್ಮನಿಗೂ ಹಾಗೇ ಅನ್ನಿಸಿತ್ತು. "ಜೇಡಕ್ಕೆ ದುಡ್ಡು ಕೊಟ್ಟು ಸ್ಪ್ರೇ ಹೊಡೆಸೋದಾ? ಹಿಡಿಸೂಡಿ ಇಲ್ವಾ ಮಾರಾಯಾ ನಿಮ್ಮಲ್ಲಿ?" ಅಂತ ಕುಂದಾಪುರದಿಂದ ಫೋನಲ್ಲೇ ನಕ್ಕಿದ್ದರು. ಹಿಡಿಸೂಡಿ ಅಂದರೆ ನಮ್ಮ ಕಡೆ ತೆಂಗಿನ ಗರಿಯ ಕಡ್ಡಿಯಿಂದ ಮಾಡಿದ ಪೊರಕೆ. ಆದರೆ ಇಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಇದು ವರ್ಷಾವರ್ಷದ ಕೆಲಸ. ಸೆಪ್ಟೆಂಬರ್ ಬಂತು ಅಂದರೆ ಚಳಿ ಬಿಡುತ್ತದೆ, ಟಪಾಲು ಡಬ್ಬಿಗೆ ಪಾಂಪ್ಲೆಟ್ ಬೀಳುತ್ತದೆ. ಮರದ ಹಲಗೆಯ ಗೋಡೆ, ಮಾಡಿನ ಅಂಚು, ಕಿಟಕಿ ಚೌಕಟ್ಟು, ಬೇಲಿ ಎಲ್ಲದಕ್ಕೂ ಔಷಧಿ ಹೊಡೆದು ಹೋಗುತ್ತಾರೆ. ಹೊಸದಾಗಿ ಬಂದ ಕನ್ನಡದವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಜೇಡಕ್ಕೆ ಯಾರನ್ನ ಕರೆಸೋದು.

ಎರಡು ವರ್ಷದ ಹಿಂದೆ ನಾನೂ ಕರೆಸಿದ್ದೆ. ಇನ್ನೂರು ಡಾಲರಿಗೂ ಜಾಸ್ತಿ ಆಯಿತು. ಮರುದಿನ ಬೆಳಿಗ್ಗೆ ಹೆಂಡತಿ ಗುಡಿಸಿದಾಗ ಮೊರದ ತುಂಬ ಸತ್ತ ಜೇಡಗಳು, ಪತಂಗಗಳು, ಜೊತೆಗೆ ಎರಡು ದಪ್ಪ ದುಂಬಿ. ಒಂದೂವರೆ ತಿಂಗಳಲ್ಲಿ ಬಲೆಗಳೆಲ್ಲ ವಾಪಸ್. ಫೋನ್ ಮಾಡಿದರೆ, ಹೊರಗಿನ ಬಲೆಗೆ ಗ್ಯಾರಂಟಿ ಇಲ್ಲ ಅಂದರು. ಮತ್ತೆ ಯಾವುದಕ್ಕೆ ಸ್ವಾಮಿ ಗ್ಯಾರಂಟಿ?

ಆ ಬಲೆ ಯಾರದ್ದು ಅಂತ ಆಗ ನನಗೆ ಗೊತ್ತಿರಲಿಲ್ಲ. ಇಲ್ಲಿಯವರು ಗ್ರೇ ಹೌಸ್ ಸ್ಪೈಡರ್ ಅನ್ನುತ್ತಾರೆ. ವಿಜ್ಞಾನದ ಹೆಸರು ಬಡುಮ್ನಾ ಲಾಂಗಿಂಕ್ವಾ. ಆಸ್ಟ್ರೇಲಿಯಾದಿಂದ ಬಂದು ಇಲ್ಲಿ ಬೇರೂರಿದ್ದು. ಚಿತ್ರದಲ್ಲಿ ಬರೆಯುವಂಥ ಗಾಲಿಯಾಕಾರದ ಚಂದದ ಬಲೆ ಇದರದ್ದಲ್ಲ. ಹಳೇ ಸ್ವೆಟರ್ ಬಿಚ್ಚಿ ಕಿಟಕಿ ಮೂಲೆಗೆ ತುರುಕಿದ ಹಾಗೆ ಇರುತ್ತದೆ. ಅದರೊಳಗೆ ಒಂದು ತೂತು, ತೂತಿನ ಬಾಯಲ್ಲಿ ನಾಲ್ಕು ಕಾಲು. ನೂಲಿಗೆ ಗೋಂದು ಇರುವುದಿಲ್ಲ. ಉಣ್ಣೆಯಂತೆ ಬಿಡಿಸಿದ ಎಳೆಗಳಲ್ಲೇ ಹುಳದ ಕಾಲು ಸಿಕ್ಕಿಬೀಳುತ್ತದೆ. ಇದಕ್ಕೆ ತುಂಬಾ ಇಷ್ಟವಾದ ಜಾಗ ಕಾರಿನ ಪಕ್ಕದ ಕನ್ನಡಿ. ನಮ್ಮ ಕಾರಿನ ಎಡ ಕನ್ನಡಿಯ ಹಿಂದೆ ಒಂದು ಇದೆ. ಹೈವೇಯಲ್ಲಿ ನೂರರ ವೇಗದಲ್ಲಿ ಹೋಗಿ ಬಂದರೆ ಬಲೆ ಚಿಂದಿ. ಮರುದಿನ ಬೆಳಿಗ್ಗೆ ನೋಡಿದರೆ ಹೊಸದು.

ನನ್ನ ಮನಸ್ಸು ಬದಲಾಗಿದ್ದು ಈ ಕನ್ನಡಿ ಜೇಡದಿಂದಲ್ಲ. ಅದರ ದಾಯಾದಿಯಿಂದ.

ಕಳೆದ ಜುಲೈನಲ್ಲಿ ಮೂರು ದಿನ ದಕ್ಷಿಣದ ಗಾಳಿ ಬಡಿಯಿತು. ಇಲ್ಲಿ ಸದರ್ಲಿ ಅಂದರೆ ಅಂಟಾರ್ಕ್ಟಿಕಾ ಕಡೆಯಿಂದ ನೇರ ಬರುವ ಗಾಳಿ, ಎಲುಬಿನೊಳಗೆ ಇಳಿಯುತ್ತದೆ. ನಾಲ್ಕನೇ ದಿನ ಬಿಸಿಲು ಬಂತು. ಮಗಳನ್ನು ಕರೆದುಕೊಂಡು ಐಲ್ಯಾಂಡ್ ಬೇ ದಂಡೆಗೆ ಹೋದೆ. ದಂಡೆಯ ಮೇಲೆ ಬುಲ್ ಕೆಲ್ಪ್ ರಾಶಿ ಬಿದ್ದಿತ್ತು. ಇದು ಕಡಲ ಕಳೆ ಅಂದರೆ ನಿಮಗೆ ಅಂದಾಜಾಗಲಿಕ್ಕಿಲ್ಲ. ಟಯರ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಸೆದ ಹಾಗೆ ಇರುತ್ತದೆ, ಒಂದೊಂದು ಪಟ್ಟಿ ನಮಗಿಂತ ಉದ್ದ. ಮಾವೋರಿ ಜನ ರಿಮುರಾಪಾ ಅನ್ನುತ್ತಾರೆ. ದಕ್ಷಿಣದ ಕಡೆ ಅದನ್ನೇ ಸೀಳಿ ಚೀಲ ಮಾಡಿ ಹಕ್ಕಿಮಾಂಸ ಕೆಡದಂತೆ ಇಡುತ್ತಿದ್ದರು. ಕೆಳಗೆ ಬಂಡೆಯನ್ನು ಕಚ್ಚಿಕೊಳ್ಳುವ ಒಂದು ಬುಡ. ಆನೆಯ ಪಾದದಂತೆ ದಪ್ಪ, ತುಂಬಾ ತೂತು.

ಮಗಳು ಅಂಥದ್ದೊಂದು ಬುಡವನ್ನು ಕಾಲಲ್ಲಿ ಉರುಳಿಸಿದಳು. ಒಂದು ತೂತಿನ ಬಾಯಿಗೆ ಬಿಳಿ ತೇಪೆ ಹಾಕಿತ್ತು. ಪ್ಲಾಸ್ಟಿಕ್ ಅಂದುಕೊಂಡೆ. ಬಗ್ಗಿ ನೋಡಿದರೆ ಬಟ್ಟೆಯಂತೆ ಒತ್ತಾಗಿ ನೇಯ್ದ ನೂಲು. ಒಂದು ಮೂಲೆ ಸಡಿಲವಾಗಿತ್ತು. ಅಲ್ಲಿಂದ ಒಂದು ಕೆಂಪು ಕಂದು ತಲೆ ಹೊರಬಂತು. ದೇಹಕ್ಕೆ ಹೊಂದದಷ್ಟು ದೊಡ್ಡ ದವಡೆ, ಕೆಳಕ್ಕೆ ಬಾಗದೆ ಮುಂದಕ್ಕೇ ಚಾಚಿಕೊಂಡಿತ್ತು. ಹಿಂದೆ ಬೂದು ಹೊಟ್ಟೆ, ಇಲಿಮರಿಯ ಮೈಯಂತೆ ಸಣ್ಣ ಕೂದಲು. ನಮ್ಮನ್ನು ನೋಡಿತೋ ಇಲ್ಲವೋ, ಹಿಂದೆ ಹಿಂದೆ ಸರಿದು ಒಳಗೆ ಹೋಯಿತು.

"ಅಪ್ಪಾ, ಇದು ಸಮುದ್ರದಲ್ಲಿ ಮುಳುಗಿ ಬಂದ ಜೇಡನಾ?"

ಮನೆಗೆ ಬಂದು ಹುಡುಕಿದೆ. ಹೌದು, ಅದೇ. ಡೆಸಿಸ್ ಮರಿನಾ. ನ್ಯೂಜಿಲೆಂಡ್ ದಂಡೆಯ ಜೇಡ, ಇಲ್ಲಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದ ಚಾಥಮ್ ದ್ವೀಪಗಳಲ್ಲೂ ಇದೆ. ಹೀಗೆ ಬುಡ ಸಮೇತ ತೇಲಿಯೇ ಅಲ್ಲಿಗೆ ಹೋಗಿರಬಹುದಾ ಅಂತ ಒಂದು ಯೋಚನೆ ಬಂತು. ಇದರ ಕುಟುಂಬಕ್ಕೆ ಡೆಸಿಡೆ ಅಂತ ಹೆಸರು. 1895ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಇಟ್ಟದ್ದು. ಪಟ್ಟಿಯಲ್ಲಿ ಕೆಳಗೆ ಇಳಿಯುತ್ತಾ ಹೋದರೆ ಅದೇ ಕುಟುಂಬದಲ್ಲಿ ಬಡುಮ್ನಾ. ನಮ್ಮ ಕಾರಿನ ಕನ್ನಡಿಯ ಗಿರಾಕಿ!

ಈ ಕಡಲ ಜೇಡದ ಸಂಸಾರ ಕೇಳಿ. ಬೇಟೆಗೆ ಬಲೆ ಹೆಣೆಯುವುದಿಲ್ಲ. ನೂಲೆಲ್ಲ ಮನೆಗೆ. ಕೆಲ್ಪ್ ಬುಡದ ತೂತಿಗೋ ಬಂಡೆಯ ಸಂದಿಗೋ ಒಳಗಿನಿಂದ ಒತ್ತಾಗಿ ನೂಲಿನ ಅಸ್ತರಿ ಹಾಕಿ, ಬಾಯಿ ಮುಚ್ಚುತ್ತದೆ. ನೀರು ಏರಿದಾಗ ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ಮೈಯ ಸಣ್ಣ ಕೂದಲೂ ಗಾಳಿಯ ಪದರ ಹಿಡಿದಿಡುತ್ತದೆ. ಜೊತೆಗೆ ಉಸಿರಾಟವೇ ಬಹಳ ನಿಧಾನ. 1983ರಲ್ಲಿ ಇಬ್ಬರು ಸಂಶೋಧಕರು, ಮೆಕ್ವೀನ್ ಮತ್ತು ಮೆಕ್ಲೇ, ಇದು ಇಷ್ಟು ಹೊತ್ತು ನೀರಡಿ ಹೇಗೆ ಇರುತ್ತದೆ ಅಂತಲೇ ಒಂದು ಪ್ರಬಂಧ ಬರೆದರು. ಕಡಲು ಜೋರಿದ್ದಾಗ ಒಂದೇ ಸಮ 19 ದಿನ ಮನೆಯೊಳಗೇ ಇರಬಲ್ಲದು. ಹತ್ತೊಂಬತ್ತು ದಿನ! ಕೋವಿಡ್ ಕ್ವಾರಂಟೈನಿನ ಹದಿನಾಲ್ಕೇ ನಮಗೆ ಸಾಕುಸಾಕಾಗಿತ್ತು.

ಅಂದ ಹಾಗೆ, ಇಂಥದ್ದರ ಫೋಟೊ ಹಾಕಿ 'ಕಿವಿರು ಇರುವ ಜೇಡ' ಅಂತ ವಾಟ್ಸಾಪಲ್ಲಿ ಹಂಚಬೇಡಿ. ಕಿವಿರೂ ಇಲ್ಲ ಎಂಥದ್ದೂ ಇಲ್ಲ. ಅದು ಉಸಿರಾಡುವುದು ಗಾಳಿಯನ್ನೇ. ಸೀ ಸ್ಪೈಡರ್ ಅಂತ ಕರೆಯುವ ಪ್ರಾಣಿ ಬೇರೆಯೇ ಇದೆ, ಅದು ಜೇಡವೇ ಅಲ್ಲ.

ಈ ಬಳಗದಲ್ಲಿ ಜಾಸ್ತಿ ಹೆಸರು ಮಾಡಿದ್ದು ಆಸ್ಟ್ರೇಲಿಯಾದ್ದು. ಕ್ವೀನ್ಸ್‌ಲ್ಯಾಂಡ್‌ನ ಪೋರ್ಟ್ ಡಗ್ಲಾಸ್‌ನಲ್ಲಿ ಹವಳದ ಮೇಲೆ ಸಿಕ್ಕಿದ ಜೇಡಕ್ಕೆ 2017ರಲ್ಲಿ ಡೆಸಿಸ್ ಬಾಬ್‌ಮಾರ್ಲಿಯೈ ಅಂತ ಹೆಸರಿಟ್ಟರು. ನೀರಿನ ಏರಿಳಿತದ ಬಗ್ಗೆ ಬಾಬ್ ಮಾರ್ಲಿಯ ಒಂದು ಹಾಡು ಇದೆಯಲ್ಲ, ಅದಕ್ಕೆ. ಪೇಪರುಗಳೆಲ್ಲ ಬರೆದವು. ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನಮ್ಮ ಕಡಲಲ್ಲೂ ಈ ಜೇಡ ಇದೆ. ಅದೇ ಪೊಕಾಕ್ 1904ರಲ್ಲಿ ಲಕ್ಷದ್ವೀಪದ ಒಂದು ಜೇಡಕ್ಕೆ ಡೆಸಿಸ್ ಗಾರ್ಡಿನೆರಿ ಅಂತ ಹೆಸರಿಟ್ಟಿದ್ದ. ಗಾರ್ಡಿನರ್ ಎಂಬವರು 1899-1900ರಲ್ಲಿ ಆ ದ್ವೀಪಗಳನ್ನು ಸುತ್ತಿ ಮಾದರಿಗಳನ್ನು ತಂದಿದ್ದರು, ಅವರ ಹೆಸರು. 1927ರಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಗ್ರೇವ್ಲಿ ಇನ್ನೊಂದನ್ನು ವಿವರಿಸಿದರು. ಲಕ್ಷದ್ವೀಪದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನಿಂದಲೇ ಆಡಳಿತ. ಅಲ್ಲಿಯ ತೆಂಗಿನ ನಾರು ಬಂದಿಳಿಯುತ್ತಿದ್ದದ್ದು ಮಂಗಳೂರಿಗೆ. ಜೇಡದ ಸುದ್ದಿ ಮಾತ್ರ ಇಳಿಯಲಿಲ್ಲ. ಬಂಡೆಯಿಂದ ಪಚ್ಚಿಲೆ ಚಿಪ್ಪು ಕೀಳುತ್ತಾ ಬೆಳೆದವನು ನಾನು. ಆ ಬಂಡೆಯ ಸಂದಿಗಳಲ್ಲಿ ಒಂದು ದಿನವೂ ಇಣುಕಿ ನೋಡಿದವನಲ್ಲ.

ಸರಿ, ಸ್ಪ್ರೇಗೂ ಇದಕ್ಕೂ ಏನು ಸಂಬಂಧ? ಇದೆ. ಡೆಸಿಸ್ ಮರಿನಾ ರಾತ್ರಿ ನೀರು ಇಳಿದಾಗ ಹೊರಬಂದು ಹಿಡಿಯುವುದು ಮುಖ್ಯವಾಗಿ ಸ್ಯಾಂಡ್‌ಹಾಪರ್‌ಗಳನ್ನು. ಒದ್ದೆ ಕೆಲ್ಪ್ ಎತ್ತಿದರೆ ಸಾಸಿವೆ ಸಿಡಿದಂತೆ ಹಾರುವ ಪುಟಾಣಿಗಳು, ಸೀಗಡಿಯ ನೆಂಟರು. ಮನೆಗೆ ಹೊಡೆಯುವ ಸ್ಪ್ರೇ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳ ಗುಂಪಿನದು. ಸೀಗಡಿ ಜಾತಿಗೆ ಅದು ಕಡು ವಿಷ. ಬಿಲ್ಲಿನ ಜೊತೆ ಕೊಟ್ಟ ಹಾಳೆಯಲ್ಲೇ ಸಣ್ಣ ಅಕ್ಷರದಲ್ಲಿ ಜಲಚರಗಳಿಗೆ ಅಪಾಯ ಅಂತಿತ್ತು, ನಾನು ಓದಿರಲಿಲ್ಲ. ಇನ್ನು ನಮ್ಮ ಗೋಡೆಯ ಮೇಲೆ ಬಿದ್ದ ಮಳೆ ಹೋಗುವುದೆಲ್ಲಿಗೆ? ರಸ್ತೆಯ ಚರಂಡಿಗೆ. ಇಲ್ಲಿ ಮಳೆನೀರಿನ ಚರಂಡಿ ಯಾವ ಶುದ್ಧೀಕರಣವೂ ಇಲ್ಲದೆ ನೇರ ಕಡಲಿಗೇ ಬಿಡುತ್ತದೆ. ಅದೂ ಯಾವ ಕಡಲು? 2008ರಲ್ಲಿ ತಪುಟೆರಂಗಾ ಅಂತ ಮೀಸಲು ಪ್ರದೇಶ ಮಾಡಿ, ಒಂದು ಚಿಪ್ಪನ್ನೂ ಎತ್ತಬಾರದು ಅಂತ ಕಾನೂನು ಮಾಡಿದ, ನಾವು ಜೇಡ ನೋಡಿದ ಅದೇ ದಂಡೆ. ಚಿಪ್ಪು ಎತ್ತಿದರೆ ದಂಡ, ಚರಂಡಿಯಲ್ಲಿ ಔಷಧಿ ಬಿಟ್ಟರೆ ಬಿಲ್ಲು!

ಹೆಂಡತಿ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ವೈಟ್‌ಟೇಲ್ ಬಂದ್ರೆ?"

ಒಳ್ಳೆಯ ಪ್ರಶ್ನೆಯೇ. ವೈಟ್‌ಟೇಲ್ ಅಂದರೆ ಹೊಟ್ಟೆಯ ತುದಿಯಲ್ಲಿ ಬಿಳಿ ಚುಕ್ಕೆ ಇರುವ ಆಸ್ಟ್ರೇಲಿಯಾದ ಇನ್ನೊಂದು ಜೇಡ. ಕಚ್ಚಿದರೆ ಮಾಂಸ ಕೊಳೆಯುತ್ತದೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಇಸ್‌ಬಿಸ್ಟರ್ ಮತ್ತು ಗ್ರೇ ಎಂಬವರು ಖಚಿತವಾಗಿ ಇದೇ ಕಚ್ಚಿದ 130 ಪ್ರಕರಣ ನೋಡಿದರು. ಒಂದರಲ್ಲೂ ಮಾಂಸ ಕೊಳೆತಿರಲಿಲ್ಲ. ನೋವು, ಊತ, ತುರಿಕೆ, ಅಷ್ಟೇ. ಆದರೆ ಅವಳ ಮಾತಿನಲ್ಲೂ ಸತ್ಯ ಇದೆ. ವೈಟ್‌ಟೇಲ್‌ಗೆ ಪ್ರೀತಿಯ ಊಟ ನಮ್ಮ ಬಡುಮ್ನಾವೇ. ಬಲೆ ಜಾಸ್ತಿಯಾದರೆ ಅದೂ ಹುಡುಕಿಕೊಂಡು ಬರುತ್ತದೆ. ಮಗುವಿರುವ ಮನೆ, ತುರಿಕೆಯೂ ಬೇಡ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಉತ್ತರ ಬಂದದ್ದು ಅಮ್ಮನಿಂದಲೇ. ಕಿಟಕಿ, ಬಾಗಿಲು, ಮಗಳ ಕೋಣೆಯ ಹೊರಗೋಡೆ ಇಷ್ಟನ್ನು ತಿಂಗಳಿಗೊಮ್ಮೆ ಗುಡಿಸುವುದು. ಬೇಲಿ, ಶೆಡ್ಡು ಜೇಡಕ್ಕೆ. ಚೌತಿಗೆ ಮುಂಚೆ ಊರಲ್ಲಿ ಅಟ್ಟ ಗುಡಿಸುತ್ತಿದ್ದದ್ದೂ ಹೀಗೇ ತಾನೇ? ಇಲ್ಲಿ ತೆಂಗಿನ ಗರಿ ಎಲ್ಲಿಂದ ತರುವುದು? ಹಾರ್ಡ್‌ವೇರ್ ಅಂಗಡಿಯಿಂದ ಉದ್ದ ಕೋಲಿನ ಬ್ರಷ್ ತಂದೆ. 24 ಡಾಲರ್. ನಾವು ಅದಕ್ಕೂ ಹಿಡಿಸೂಡಿ ಅಂತಲೇ ಹೇಳುವುದು.

ನಿನ್ನೆ ಸ್ಪ್ರೇಯವರ ಮೆಸೇಜ್ ಬಂತು, ಹಳೇ ಗಿರಾಕಿಗಳಿಗೆ ಹತ್ತು ಪರ್ಸೆಂಟ್ ಕಡಿಮೆಯಂತೆ. ಬೇಡ ಅಂತ ಬರೆದೆ. ಹೊರಗೆ ಹೆಂಡತಿ ಕಾರು ತೊಳೆಯುತ್ತಿದ್ದಳು. ಬಾಗಿಲು, ಬಾನೆಟ್, ಬಲ ಕನ್ನಡಿ ಎಲ್ಲ ಫಳಫಳ. ಎಡ ಕನ್ನಡಿಯನ್ನು ಮಾತ್ರ ಸುತ್ತು ಹಾಕಿ ಒರೆಸಿದ್ದಳು. ಬಲೆ ಹಾಗೇ ಇತ್ತು.