ನಿಮ್ಮ ಫೋನಿನ ನಕ್ಷತ್ರ ಯಾವುದು?

ಹಾಲಿಗೆ ಹೆಪ್ಪು ಹಾಕಿ, ಸ್ಟೌ ಒರೆಸಿ, ಅಡುಗೆಮನೆ ದೀಪ ಆರಿಸಿ ಅಮ್ಮ ಹೊರಗೆ ಬಂದಳು. ನಾನೂ ಅಕ್ಕನ ಮಗನೂ ಟಿವಿ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದೆವು. ಪರದೆಯ ಮೇಲೆ ಯಾರೋ ಒಬ್ಬರು ವೇದಿಕೆಯ ಆ ತುದಿಯಿಂದ ಈ ತುದಿಗೆ ನಡೆದಾಡುತ್ತಿದ್ದರು. ನಾಲ್ಕು ಹೆಜ್ಜೆಗೊಂದು ಚಪ್ಪಾಳೆ.

"ಇಷ್ಟು ಹೊತ್ತಲ್ಲಿ ಯಾರ ಮದುವೆನೋ?"

"ಮದುವೆ ಅಲ್ಲಜ್ಜಿ, ಹೊಸ ಫೋನ್ ಬಿಡುಗಡೆ. ಲೈವ್."

"ಅದಕ್ಕೆ ಇಷ್ಟೊಂದು ಚಪ್ಪಾಳೆನಾ?"

"ಈ ಸಲ ಮೂಲೆ ಸ್ವಲ್ಪ ದುಂಡಗೆ ಮಾಡಿದ್ದಾರೆ ಅಜ್ಜಿ."

ಅಮ್ಮ ಕನ್ನಡಕ ಹಾಕಿಕೊಂಡು ಕೂತಳು. ಅಷ್ಟರಲ್ಲಿ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನೋ ಒಂದು ಅದ್ಭುತ ಬಂತು. ಅದರ ಪಕ್ಕದಲ್ಲಿ, ಅನ್ನದಲ್ಲಿ ಸಿಕ್ಕ ಕಲ್ಲಿನಷ್ಟು ಸಣ್ಣದಾಗಿ, ಒಂದು ಚುಕ್ಕಿ.

"ಅದೇನದು?"

"ಅದು ಸ್ಟಾರ್ ಅಮ್ಮ, ನಕ್ಷತ್ರ. ಎಲ್ಲರಿಗೂ ಸಿಗಲ್ಲ, ಕೆಲವರಿಗೆ ಮಾತ್ರ ಅನ್ನೋ ಕಡೆ ಹಾಕ್ತಾರೆ."

"ಮದುವೆ ಅಲ್ಲ ಅಂದ್ರಿ. ನಕ್ಷತ್ರ ನೋಡ್ತಿದ್ದಾರಲ್ಲೋ!"

ಅಲ್ವಾ? ಇಷ್ಟು ವರ್ಷ ಇಂಥ ಸಮಾರಂಭ ನೋಡಿದ ನನಗೆ ಹೊಳೆಯದ್ದು ಅಮ್ಮನಿಗೆ ಎರಡು ನಿಮಿಷದಲ್ಲಿ ಹೊಳೆಯಿತು.

ಅಷ್ಟನ್ನು ನೋಡುವ ಹೊತ್ತಿಗೇ ನಮಗೆ ಸಾಕುಸಾಕಾಗಿತ್ತು. ಕಂಪನಿಯ ಹೆಸರು ಬೇಡ ಬಿಡಿ. ಅವರ ಆ್ಯಪ್ ನಿಮ್ಮ ಟಿವಿಯಲ್ಲಿ ನಡೆಯಲ್ಲ ಎಂದಿತು ಟಿವಿ. ನಿಮ್ಮ ಬ್ರೌಸರ್ ಹಳೆಯದು ಎಂದಿತು ಲ್ಯಾಪ್‌ಟಾಪ್. ಬ್ರೌಸರ್ ಹೊಸದು ಮಾಡಲು ಹೋದರೆ ಲ್ಯಾಪ್‌ಟಾಪೇ ಹಳೆಯದು ಎಂದಿತು ಬ್ರೌಸರ್. ಕೊನೆಗೆ ಅಕ್ಕನ ಮಗ ಅಟ್ಟದ ಮೇಲಿನ ಡಬ್ಬಿಯಿಂದ ಒಂದು ವೈರು ಹುಡುಕಿ ತಂದು, ತನ್ನ ಫೋನಿಗೂ ಟಿವಿಗೂ ಗಂಟು ಹಾಕಿದ. ಅಷ್ಟರಲ್ಲಿ ಮುಹೂರ್ತ ಮುಗಿದು ಆರತಕ್ಷತೆ ನಡೆಯುತ್ತಿತ್ತು.

ಈ ಕಂಪನಿಗಳು ಕಂಪ್ಯಾಟಿಬಿಲಿಟಿ ಅನ್ನುವುದಕ್ಕೆ ನಮ್ಮ ಕಡೆ ಬಹಳ ಹಿಂದಿನಿಂದ ಒಂದು ಮಾತಿದೆ, ಕೂಡಾವಳಿ. ಹುಡುಗ ಹುಡುಗಿಯ ಜಾತಕ ಪಕ್ಕಪಕ್ಕ ಇಟ್ಟು 36 ಗುಣಗಳಲ್ಲಿ ಎಷ್ಟು ಕೂಡಿತು ಅಂತ ಜೋಯಿಸರು ಲೆಕ್ಕ ಹಾಕುತ್ತಾರೆ. 18 ಬಂದರೆ ಮಾತುಕತೆ ಮುಂದುವರಿಸಬಹುದು. ಪಾಪ, ಜೋಯಿಸರೇ ವಾಸಿ, ಅರ್ಧಕ್ಕೆ ಪಾಸು ಮಾಡುತ್ತಾರೆ. ಕಂಪನಿಯವರಿಗೆ 36ಕ್ಕೆ 36 ಬರಬೇಕು.

ಇನ್ನೊಂದು ವ್ಯತ್ಯಾಸವೂ ಉಂಟು. ನಮ್ಮಲ್ಲಿ ಕೂಡಾವಳಿ ಮದುವೆಯಾಗುವವರಿಗೆ ಮಾತ್ರ. ಉಡುಗೊರೆ ಕೊಟ್ಟು ಉಂಡು ಹೋಗಲು ಬಂದವರ ಜಾತಕವನ್ನು ಛತ್ರದ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಆಪಲ್ ಕೇಳುತ್ತಿತ್ತು.

2014ರ ಸೆಪ್ಟೆಂಬರ್ 9ರ ಕಥೆ ಇದು. ಕ್ಯಾಲಿಫೋರ್ನಿಯಾದಲ್ಲಿರುವ ಆಪಲ್‌ನ ಊರು ಕ್ಯುಪರ್ಟಿನೋದ ಫ್ಲಿಂಟ್ ಸೆಂಟರ್ ಸಭಾಂಗಣ. 1984ರಲ್ಲಿ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರ್ ತೋರಿಸಿದ್ದೂ ಅದೇ ಜಾಗದಲ್ಲಿ, ಹಾಗಾಗಿ ಒಂಥರಾ ಮನೆದೇವರ ಸನ್ನಿಧಿ. ಅಲ್ಲಿ ಬೆಳಿಗ್ಗೆ 10 ಗಂಟೆ, ನಮ್ಮಲ್ಲಿ ರಾತ್ರಿ 10.30. ಐಫೋನ್ 6, ಅದರಣ್ಣ 6 ಪ್ಲಸ್, ಜೊತೆಗೆ ಆಪಲ್ ವಾಚ್. ನೇರಪ್ರಸಾರ ಇತ್ತು, ಪುಕ್ಕಟೆಯಾಗಿಯೇ ಇತ್ತು. ಆದರೆ ನೋಡಬೇಕಾದರೆ ನಿಮ್ಮ ಹತ್ತಿರ ಓಎಸ್ ಎಕ್ಸ್ 10.6.8 ಅಥವಾ ಅದಕ್ಕಿಂತ ಹೊಸದಿರುವ ಮ್ಯಾಕ್ ಕಂಪ್ಯೂಟರ್ ಇರಬೇಕು, ಅದರಲ್ಲಿ ಸಫಾರಿ 5.1.2 ಬ್ರೌಸರ್ ಇರಬೇಕು. ಇಲ್ಲವೇ ಐಒಎಸ್ 6 ದಾಟಿದ ಐಫೋನೋ ಐಪ್ಯಾಡೋ ಇರಬೇಕು. ಅದೂ ಇಲ್ಲವೇ, ಎರಡನೆಯ ಅಥವಾ ಮೂರನೆಯ ತಲೆಮಾರಿನ ಆಪಲ್ ಟಿವಿ ಪೆಟ್ಟಿಗೆ ಇರಬೇಕು, ಅದರಲ್ಲಿ 6.2 ಸಾಫ್ಟ್‌ವೇರ್ ಇರಬೇಕು. ಗೋತ್ರ, ಸೂತ್ರ, ಪಾದ ಎಲ್ಲಾ ಹೇಳಿ ಒಳಗೆ ಬನ್ನಿ.

ಅಂದರೆ ಐಫೋನ್ ಕೊಳ್ಳಬೇಕೋ ಬೇಡವೋ ಅಂತ ನೋಡುವುದಕ್ಕೆ ಮೊದಲು ಐಫೋನ್ ಕೊಂಡಿರಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಅಂತ ನಮ್ಮ ಹಿರಿಯರು ಹೇಳಿದ್ದು ಬಹುಶಃ ಈ ನೇರಪ್ರಸಾರವನ್ನು ನೋಡಲು ಪ್ರಯತ್ನಪಟ್ಟ ಮೇಲೆಯೇ.

ಇದಕ್ಕೊಂದು ತಾಂತ್ರಿಕ ಕಾರಣವನ್ನೂ ಹೇಳುತ್ತಿದ್ದರು. ಪ್ರಸಾರಕ್ಕೆ ಬಳಸುತ್ತಿದ್ದದ್ದು ಆಪಲ್ಲೇ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ವಿಧಾನ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ, ಯಾವ ಚೂರು ಎಲ್ಲಿದೆ ಅನ್ನುವ ಪಟ್ಟಿಯೊಂದನ್ನು ಜೊತೆಗೆ ಕಳಿಸುವುದು. ಒಳ್ಳೆಯ ವಿಧಾನವೇ. ಆದರೆ ಆ ಪಟ್ಟಿಯ ವಿಳಾಸ ಒಂದು ಸಿಕ್ಕಿಬಿಟ್ಟರೆ, ವಿಎಲ್‌ಸಿ ಪ್ಲೇಯರಿಗೆ ಹಾಕಿದರೆ ಸಾಕು, ಯಾವ ಬಡ ವಿಂಡೋಸ್ ಕಂಪ್ಯೂಟರಿನಲ್ಲೂ ಮದುವೆ ಕಾಣುತ್ತಿತ್ತು. ಪ್ರತಿ ಬಿಡುಗಡೆಯ ದಿನ ಗೊತ್ತಿದ್ದವರು ಆ ವಿಳಾಸವನ್ನು ಗೊತ್ತಿಲ್ಲದವರಿಗೆ ಗುಟ್ಟಾಗಿ ಹಂಚುತ್ತಿದ್ದರು. ಛತ್ರದ ಹಿಂಬದಿ, ಪಾತ್ರೆ ತೊಳೆಯುವ ಜಾಗದ ಕಾಂಪೌಂಡ್ ಹಾರಿ ಊಟಕ್ಕೆ ನುಗ್ಗಿದ ಹಾಗೆ. ಯಂತ್ರಕ್ಕೆ ಆಗದೇ ಇದ್ದದ್ದೇನೂ ಅಲ್ಲ. ಯಜಮಾನರಿಗೆ ಮನಸ್ಸಿರಲಿಲ್ಲ, ಅಷ್ಟೆ.

ಸರಿ, ಎಲ್ಲಾ ಗುಣ ಕೂಡಿ, ಪನ್ನೀರು ಚಿಮುಕಿಸಿಕೊಂಡು ಮುಂಬಾಗಿಲಿಂದಲೇ ಒಳಗೆ ಹೋದವರಿಗೆ ಅವತ್ತು ಏನು ಕಂಡಿತು? ಬಣ್ಣದ ಪಟ್ಟೆಗಳು. ಹಿಂದೆ ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಬರುತ್ತಿತ್ತಲ್ಲ, ಆ ಥರದ್ದು. ಅದರ ಮೇಲೆ ಪ್ರಸಾರದ ಟ್ರಕ್ಕಿನ ವೇಳಾಪಟ್ಟಿ. ಪಟ್ಟೆ ಹೋಗಿ ಆಪಲ್ ಮುಖ್ಯಸ್ಥ ಟಿಮ್ ಕುಕ್ ಬಂದರು ಅನ್ನುವಷ್ಟರಲ್ಲಿ ಅವರ ದನಿಯ ಮೇಲೆ ಚೀನೀ ಭಾಷೆಯ ಅನುವಾದ ಜೋರಾಗಿ ಕೇಳತೊಡಗಿತು. ಮಂತ್ರ ಹೇಳುವಾಗ ವಾಲಗದವರು ಊದಿಬಿಟ್ಟ ಹಾಗೆ. ಆಮೇಲೆ ಕಡಿಯಿತು. ಮತ್ತೆ ಬಂತು. ಮತ್ತೆ ಕಡಿಯಿತು. ಮೊದಲ ಅರ್ಧ ಗಂಟೆ ಸುಮಾರಾಗಿ ಹೀಗೇ ಕಳೆಯಿತು. ಜಗತ್ತಿನ ಅತಿ ದುಬಾರಿ ಫೋನುಗಳನ್ನು ಕೈಲಿ ಹಿಡಿದು ಜನ ಟ್ರಕ್ಕಿನ ವೇಳಾಪಟ್ಟಿ ಓದಿದರು.

ತಾಂಬೂಲದ ಚೀಲದ ವಿಷಯ ಮರೆತಿದ್ದೆ. ಕೊನೆಯಲ್ಲಿ ಯು2 ಎಂಬ ರಾಕ್ ಸಂಗೀತ ತಂಡದವರು ಬಂದು ಹಾಡಿದರು. ಅವರ ಹೊಸ ಆಲ್ಬಂ ಆಪಲ್‌ನ ಹಾಡಿನ ಅಂಗಡಿಯಾದ ಐಟ್ಯೂನ್ಸಿನ ಸುಮಾರು 50 ಕೋಟಿ ಗ್ರಾಹಕರ ಖಾತೆಗೆ ಕೇಳದೆಯೇ ಹೋಗಿ ಸೇರಿತು. ಯಾರಿಗೆ ಬೇಕಿತ್ತು ಇದು ಅಂತ ಗಲಾಟೆ ಎಷ್ಟಾಯಿತೆಂದರೆ, ವಾರದೊಳಗೆ ಅದನ್ನು ತೆಗೆದುಹಾಕಲಿಕ್ಕೆಂದೇ ಒಂದು ಪುಟ ತೆರೆಯಬೇಕಾಯಿತು. ನೋಡ್ತೀವಿ ಅಂದವರಿಗೆ ಕೂಡಾವಳಿ. ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿದವರಿಗೆ ಬಲವಂತದ ಹೋಳಿಗೆ.

ಆಮೇಲೆ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯಿತು. 2015ರಲ್ಲಿ ವಿಂಡೋಸ್ 10ರ ಎಡ್ಜ್ ಬ್ರೌಸರಿಗೂ ಆಹ್ವಾನ ಬಂತು. 2019ರ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನಲ್ಲೇ ತೋರಿಸಿದರು. ಈಗ ಯಾರು ಬೇಕಾದರೂ ಬರಬಹುದು, ನೋಡಬಹುದು. ಹಾಗಂತ ಜೋಯಿಸರು ಕೆಲಸ ಬಿಟ್ಟಿಲ್ಲ. ಬಾಗಿಲಲ್ಲಿದ್ದವರು ಒಳಗೆ ಬಂದು ಊಟದ ಪಂಕ್ತಿಯ ತುದಿಯಲ್ಲಿ ನಿಂತಿದ್ದಾರೆ.

ಆ ಪಂಕ್ತಿಯ ವೈಭವ ನೋಡಬೇಕಿದ್ದರೆ 2021ರ ಜೂನ್ 24ಕ್ಕೆ ಹೋಗಬೇಕು. ಮೈಕ್ರೋಸಾಫ್ಟ್‌ನವರು ವಿಂಡೋಸ್ 11 ತೋರಿಸಿದ ದಿನ. ಜಗತ್ತಿನ ಕಂಪ್ಯೂಟರುಗಳನ್ನೆಲ್ಲಾ ನಡೆಸುವವರ ಸ್ವಂತ ಸೈಟಿನಲ್ಲೇ ಪ್ರಸಾರ ಮುಗ್ಗರಿಸಿ, ನೋಡುಗರು ಟ್ವಿಟರಿಗೆ ಓಡಿ ಅಲ್ಲಿ ನೋಡಿದರು. ಅದು ಹೋಗಲಿ. ಅಪ್‌ಗ್ರೇಡ್ ಪುಕ್ಕಟೆ ಎಂದರು, ಎಲ್ಲರಿಗೂ ಖುಷಿ. ನಿಮ್ಮ ಕಂಪ್ಯೂಟರಿಗೆ ಸಿಗುತ್ತದೋ ಇಲ್ಲವೋ ನೋಡಿಕೊಳ್ಳಿ ಅಂತ ಪಿಸಿ ಹೆಲ್ತ್ ಚೆಕ್ ಅನ್ನುವ ಪುಟ್ಟ ಜೋಯಿಸರನ್ನೂ ಕಳಿಸಿಕೊಟ್ಟರು. ಜನ ಆಸೆಯಿಂದ ಬಟನ್ ಒತ್ತಿದರು. ಈ ಪಿಸಿಯಲ್ಲಿ ವಿಂಡೋಸ್ 11 ನಡೆಯುವುದಿಲ್ಲ ಅಂದರು ಜೋಯಿಸರು. ಯಾಕೆ ಸ್ವಾಮಿ? ಅದನ್ನು ಹೇಳಲ್ಲ. ಕವಡೆ ಬುಟ್ಟಿಗೆ ಹಾಕಿಕೊಂಡು ಎದ್ದೇ ಹೋದರು.

ಹೇಳದೇ ಉಳಿಸಿಕೊಂಡ ಕಾರಣಗಳಲ್ಲಿ ಮುಖ್ಯವಾದವು ಎರಡು. ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಒಳಗೆ ಇರಬೇಕು. ಅದು ಎಷ್ಟೋ ಕಂಪ್ಯೂಟರುಗಳಲ್ಲಿ ಇತ್ತು, ಆದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯೋಸ್ ಸೆಟ್ಟಿಂಗಿನಲ್ಲಿ ಆಫ್ ಮಾಡಿಟ್ಟಿತ್ತು. ಇದ್ದೂ ಇಲ್ಲದ ಗುರುಬಲ. ಎರಡನೆಯದು ಪ್ರೊಸೆಸರ್. ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಏಳು ತಲೆಮಾರು ಕೂತು ತಿಂದರೂ ಕರಗದ ಆಸ್ತಿ ಅನ್ನುವ ಮಾತು ಕೇಳಿದ್ದೇವೆ. ಇಲ್ಲಿ ಏಳನೇ ತಲೆಮಾರಿಗೇ ಎಲೆ ಹಾಕಲಿಲ್ಲ.

ಇದಕ್ಕಿಂತ ಚೆನ್ನಾದದ್ದು ಇನ್ನೊಂದಿದೆ. ಮೈಕ್ರೋಸಾಫ್ಟೇ ಆಗ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೊ 2 ಎಂಬ ದುಬಾರಿ ಕಂಪ್ಯೂಟರಿನೊಳಗೆ ಇದ್ದದ್ದು ಏಳನೇ ತಲೆಮಾರಿನ ಚಿಪ್ಪು. ಜೋಯಿಸರ ಮನೆ ಮಗಳದ್ದೇ ಮೂಲಾ ನಕ್ಷತ್ರ! ಊರವರ ಹುಡುಗಿಯಾಗಿದ್ದರೆ ಮಾವನಿಗೆ ಆಗಲ್ಲ ಅಂತ ಜಾತಕ ವಾಪಸ್ ಕಳಿಸುತ್ತಿದ್ದರು. ಮನೆ ಮಗಳಲ್ವಾ, ಆಗಸ್ಟಿನಲ್ಲಿ ಆ ಚಿಪ್ಪೂ ಸೇರಿದಂತೆ ಏಳನೇ ತಲೆಮಾರಿನ ಬೆರಳೆಣಿಕೆಯಷ್ಟಕ್ಕೆ ದೋಷವಿಲ್ಲ ಎಂದು ಪಂಚಾಂಗ ತಿದ್ದಿದರು. ಪುಟ್ಟ ಜೋಯಿಸರನ್ನಂತೂ ನಾಲ್ಕೇ ದಿನದಲ್ಲಿ ರಜೆ ಮೇಲೆ ಕಳಿಸಿದ್ದರು.

ದೋಷ ಅಂದ ಮೇಲೆ ಶಾಂತಿ ಇರಲೇಬೇಕಲ್ಲ. ಅದೂ ಇತ್ತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿದರೆ ಪ್ರೊಸೆಸರಿನ ತಕರಾರಿಲ್ಲದೆ ಹೊಸ ವಿಂಡೋಸ್ ಹಾಕಿಕೊಳ್ಳಬಹುದು ಅಂತ ಕಂಪನಿಯೇ ಬರೆದು ತಿಳಿಸಿತು. ಕೆಳಗೇ ಇನ್ನೊಂದು ಸಾಲು: ಹಾಗೆ ಮಾಡಿ ಮುಂದೆ ಅಪ್‌ಡೇಟ್ ಬರದೇ ಇದ್ದರೆ, ಯಂತ್ರಕ್ಕೆ ಏನಾದರೂ ಆದರೆ, ನಮ್ಮನ್ನು ಕೇಳಬೇಡಿ. ಹೋಮ ಮಾಡಿಸಿಕೊಳ್ಳಿ, ಸೊಸೆ ಬಂದ ಮೇಲೆ ಮಾವನ ಗತಿ ನಮಗೆ ಗೊತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸೇವೆಯೂ ಮುಗಿಯಿತು. ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಬೇಕಾದರೆ 30 ಡಾಲರ್ ದಕ್ಷಿಣೆ. ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನೆಲ್ಲಾ ಅವರ ಕ್ಲೌಡಿಗೆ ಒಪ್ಪಿಸಿ ಅಡ್ಡಬೀಳಿ.

ನನಗೆ ಇದರಲ್ಲಿ ಬೇಸರ ತರುವುದು ಷರತ್ತಲ್ಲ. ಹಳೆಯ ಯಂತ್ರಕ್ಕೆ ಹೊಸ ಕೆಲಸ ಆಗದೇ ಇರಬಹುದು, ಒಪ್ಪೋಣ. ನಗು ಬರುವುದು ನಾವು ಕೂತು ಚಪ್ಪಾಳೆ ಹೊಡೆಯುವುದಕ್ಕೆ. ಐಫೋನ್ 15 ಬಿಡುಗಡೆಯಾದದ್ದು 2023ರ ಸೆಪ್ಟೆಂಬರಿನಲ್ಲಿ. 2024ರ ಜೂನ್ 10ರಂದು ಆಪಲ್ ಇಂಟೆಲಿಜೆನ್ಸ್ ಅನ್ನುವ ತಮ್ಮ ಎಐ ಸೌಲಭ್ಯ ತೋರಿಸಿದರು. ಬೇಕಾದರೆ 15 ಪ್ರೊ ಇರಬೇಕು, ಬರೀ 15 ಆದರೆ ಇಲ್ಲ. ಒಂಬತ್ತು ತಿಂಗಳು ತುಂಬಿರಲಿಲ್ಲ, ಕೂಸು ಆಗಲೇ ಮುದುಕ! ವೇದಿಕೆಯ ಮೇಲೆ ಹೊಸದರ ಮದುವೆ, ಅದೇ ಹೊತ್ತಿನಲ್ಲಿ ನಮ್ಮ ಜೇಬಿನಲ್ಲಿ ಹಳೆಯದರ ತಿಥಿ. ಎರಡಕ್ಕೂ ನಾವೇ ನೆಂಟರು.

15 ಪ್ರೊ ಇದ್ದವರೂ ತಕ್ಷಣ ಉಂಡರು ಅಂದುಕೊಳ್ಳಬೇಡಿ. ಎಲೆ ಹಾಕಿದ್ದು ಜೂನಿನಲ್ಲಿ, ಮೊದಲ ಉಪ್ಪು ಬಡಿಸಿದ್ದು ಅಕ್ಟೋಬರ್ 28ಕ್ಕೆ. ಆಗಲೂ ಅದಕ್ಕೆ ಬರುತ್ತಿದ್ದದ್ದು ಅಮೆರಿಕದ ಇಂಗ್ಲಿಷ್ ಒಂದೇ. ಭಾರತದ ಇಂಗ್ಲಿಷ್ ಕಲಿಯಲು 2025ರ ಮಾರ್ಚ್ ಕೊನೆಯಾಯಿತು. ಕನ್ನಡದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಐಫೋನ್ ಜೋಡಿಸುವ ಕಾರ್ಖಾನೆ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿದೆ, ಈಗ ದೇವನಹಳ್ಳಿ ಕಡೆಯೂ ಒಂದಿದೆ. ಹುಟ್ಟಿದ್ದು ಕೋಲಾರದಲ್ಲಿ, ಮಾತು ಮಾತ್ರ ಕ್ಯಾಲಿಫೋರ್ನಿಯಾದ್ದು. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳದ್ದೂ ಇದೇ ಕಥೆಯಾದ್ದರಿಂದ ಈ ವಿಷಯದಲ್ಲಿ ಫೋನನ್ನು ಜಾಸ್ತಿ ಬೈಯುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಆರತಕ್ಷತೆ ಮುಗಿಯಿತು. ಪರದೆಯ ಮೇಲಿದ್ದವರು ಕೈಮುಗಿದು ಹೊರಟರು. ಅಕ್ಕನ ಮಗ ಆ ನಕ್ಷತ್ರದ ಬೆನ್ನು ಹತ್ತಿ, ಕೆಳಗಿನ ಸಣ್ಣ ಅಕ್ಷರಗಳ ಪಟ್ಟಿಯನ್ನು ತನ್ನ ಫೋನಿನಲ್ಲಿ ತೆರೆದು ಬೆರಳಲ್ಲಿ ಸರಿಸುತ್ತಾ ಹೋದ.

"ಮಾಮ, ನಿಂದು ಇಲ್ಲ."

"ಸರಿಯಾಗಿ ನೋಡೋ. ಕೊಂಡು ಎರಡು ವರ್ಷ ಆಗಿಲ್ಲ."

"ನೋಡ್ದೆ. ಅದರ ಪ್ರೊ ಇದೆ, ಪ್ಲಸ್ ಇದೆ. ನಿಂದು ಬರೀದು."

"ಏನಂತೆ?" ಎಂದಳು ಅಮ್ಮ.

"ಜಾತಕ ಕೂಡ್ಲಿಲ್ಲ ಅಮ್ಮ."

"ಹೋಗ್ಲಿ ಬಿಡು. ನಾಳೆ ಆ ಕಡೆ ಹೋದ್ರೆ ಕುಕ್ಕರಿಗೆ ಒಂದು ಗ್ಯಾಸ್ಕೆಟ್ ತಗೊಂಡು ಬಾ. ಸುಮ್ನೆ ಹಬೆ ಹೋಗುತ್ತೆ, ವಿಷಲ್ಲೇ ಬರ್ತಿಲ್ಲ."

ಆ ಕುಕ್ಕರು ಅಮ್ಮನ ಮದುವೆಗೆ ಬಂದದ್ದು. ಹಿಡಿಗೆ ಎರಡು ಸಲ ಸ್ಕ್ರೂ ಬದಲಾಗಿದೆ, ತಳ ಒಂದು ಕಡೆ ಸ್ವಲ್ಪ ಉಬ್ಬಿದೆ. ಬೆಳಿಗ್ಗೆ ಪಾತ್ರೆ ಅಂಗಡಿಗೆ ಹೋದೆ. ಎಷ್ಟು ಲೀಟರ್ ಅಂದರು. ಐದು ಅಂದೆ. ಮುಚ್ಚಳ ಒಳಗೆ ಕೂರುತ್ತೋ, ಹೊರಗೋ ಅಂದರು. ಎದೆ ಧಸಕ್ಕೆಂದಿತು. ಇಲ್ಲೂ ಶುರುವಾಯಿತಲ್ಲಪ್ಪ ಅಂತ ತಡವರಿಸುತ್ತಾ ನಿಂತೆ.

"ಹಳೇದು ತಂದಿದ್ದೀರಾ ಸಾರ್?"

ಚೀಲದಿಂದ ತೆಗೆದು ಕೊಟ್ಟೆ. ಗೋಡೆಯ ಮೊಳೆಗೆ ಕರಿ ಬಳೆಗಳ ಹಾಗೆ ಗೊಂಚಲು ನೇತಾಡುತ್ತಿತ್ತು. ಅದರಿಂದ ಒಂದನ್ನು ಎಳೆದು, ಹಳೆಯದರ ಮೇಲಿಟ್ಟು, ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿದರು.

"ಕೂಡ್ತು ನೋಡಿ. ಎಂಬತ್ತು ರೂಪಾಯಿ."