ಸಾಕು ಅನ್ನಲು ಬಾರದ ಜೀವಕೋಶ

ನಮ್ಮ ಸೋದರಮಾವನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದರು. ಆರು ತಿಂಗಳು ಮಾತ್ರೆಗಳನ್ನೆಲ್ಲ ಸರಿಯಾಗಿ ನುಂಗಿದರು. ಆಮೇಲೆ ಕೊಲೆಸ್ಟರಾಲ್ ಮಾತ್ರೆ ಮಾತ್ರ ಬಿಟ್ಟುಬಿಟ್ಟರು. ಯಾಕೆ ಮಾವ ಅಂದರೆ, "ಪೈಪ್ ಕ್ಲೀನ್ ಆಯ್ತಲ್ಲೋ, ಇನ್ಯಾಕೆ?" ಎಂದರು. ಅದರ ಬದಲಿಗೆ ವಾಟ್ಸಾಪ್‌ನಲ್ಲಿ ಬಂದ ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಕಾಯಿಸಿ ಫ್ರಿಜ್‌ನಲ್ಲಿ ಇಟ್ಟುಕೊಂಡಿದ್ದಾರೆ.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಪೈಪಿನ ಚಿತ್ರವನ್ನು ಎಲ್ಲರ ತಲೆಗೆ ತುಂಬಿದ್ದು ನನ್ನಂಥ ಮೇಷ್ಟ್ರುಗಳೇ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು ನಾನು. ಬೋರ್ಡ್ ಮೇಲೆ ಒಂದು ಕೊಳವೆ ಬರೆದು, ಒಳಗೋಡೆಗೆ ಹಳದಿ ಚಾಕ್ ಬಳಿದು, "ಬಚ್ಚಲ ಪೈಪಿಗೆ ಜಿಡ್ಡು ಕಟ್ಟುತ್ತಲ್ಲ, ಹಾಗೆ" ಎಂದು ವರ್ಷಗಟ್ಟಲೆ ಹೇಳಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕೊಬ್ಬು ರಕ್ತನಾಳದ ಗೋಡೆಯ ಮೇಲೆ ಮೆತ್ತಿಕೊಳ್ಳುವುದಿಲ್ಲ. ಗೋಡೆಯ ಒಳಗೆ ಸೇರುತ್ತದೆ. ಅಲ್ಲಿ ಅದರಲ್ಲಿ ಬಹಳಷ್ಟು ಹೋಗಿ ಕೂರುವುದು ನಮ್ಮದೇ ರೋಗನಿರೋಧಕ ಕೋಶಗಳ ಹೊಟ್ಟೆಯಲ್ಲಿ. ಮ್ಯಾಕ್ರೋಫೇಜ್ ಅಂತ ಅವುಗಳ ಹೆಸರು. ದೊಡ್ಡ ತಿನ್ನುಬಾಕ ಅಂತ ಅರ್ಥ. ಮೆಚ್ನಿಕಾಫ್ ಎಂಬ ವಿಜ್ಞಾನಿ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತಿಕೊಳ್ಳುವುದನ್ನು ನೋಡಿದ ಕಥೆ ಪಾಠದಲ್ಲಿ ಬರುತ್ತದೆ. ನುಂಗುವ ಕೋಶಗಳು ಎಂದರೆ ಇವೇ. ಕ್ರಿಮಿ, ಸತ್ತ ಕೋಶ, ಕಸ, ಸಿಕ್ಕಿದ್ದನ್ನೆಲ್ಲ ನುಂಗುತ್ತವೆ.

1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅನಿಚ್ಕೋವ್ ಎಂಬ ಯುವ ವೈದ್ಯ, ಸೂರ್ಯಕಾಂತಿ ಎಣ್ಣೆಯಲ್ಲಿ ಶುದ್ಧ ಕೊಲೆಸ್ಟರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದ. ಅವುಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ತುಂಬಿ ಊದಿಕೊಂಡ ಕೋಶಗಳು ಕಂಡವು. ಇವಕ್ಕೆ ಫೋಮ್ ಸೆಲ್, ನೊರೆ ಕೋಶ ಅನ್ನುತ್ತಾರೆ. ನಿಜವಾಗಿ ಅಲ್ಲಿ ನೊರೆ ಗಿರೆ ಏನೂ ಇಲ್ಲ. ಸ್ಲೈಡ್ ತಯಾರಿಸುವಾಗ ಬಳಸುವ ಆಲ್ಕೋಹಾಲ್, ಕ್ಸೈಲೀನ್ ಕೊಬ್ಬನ್ನು ತೊಳೆದುಬಿಡುತ್ತವೆ. ಉಳಿಯುವುದು ಖಾಲಿ ಗುಳಿಗಳು. ಸೂಕ್ಷ್ಮದರ್ಶಕದಲ್ಲಿ ಅದೇ ನೊರೆ ಥರ ಕಾಣುತ್ತದೆ. ಲ್ಯಾಬಿನವರ ತೊಳೆಯುವ ಕೆಲಸದಿಂದ ಹುಟ್ಟಿದ ಹೆಸರು!

ಆದರೆ ಒಂದು ಒಗಟು ಬಾಕಿ ಇತ್ತು. 1970ರ ದಶಕದಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬಿಬ್ಬರು, ಕೋಶಗಳು ಎಲ್‌ಡಿಎಲ್ ಅನ್ನು, ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಕಣಗಳನ್ನು, ಒಳಗೆ ತೆಗೆದುಕೊಳ್ಳುವ ಬಾಗಿಲನ್ನು ಪತ್ತೆ ಮಾಡಿದರು. ಈ ಬಾಗಿಲಿಗೆ ಮರ್ಯಾದೆ ಗೊತ್ತು. ಮದುವೆ ಪಂಕ್ತಿಯಲ್ಲಿ ಹೊಟ್ಟೆ ತುಂಬಿದ ಮೇಲೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಕೋಶವೂ ಸಾಕಾದಾಗ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಬಾಗಿಲು ಕೆಲಸ ಮಾಡುವುದಿಲ್ಲ. ಹಾಗಾದರೆ ಅವರ ಮ್ಯಾಕ್ರೋಫೇಜ್‌ಗಳಿಗೆ ಕೊಬ್ಬು ಸಿಗಲೇಬಾರದು, ಅಲ್ವಾ? ಆದರೆ ಆ ಮಕ್ಕಳ ರಕ್ತನಾಳದ ತುಂಬ ನೊರೆ ಕೋಶಗಳು. ಚಿಕ್ಕ ವಯಸ್ಸಿಗೇ ಹೃದಯಾಘಾತ.

1979ರಲ್ಲಿ ಬ್ರೌನ್, ಗೋಲ್ಡ್‌ಸ್ಟೈನ್ ಅವರೇ ಉತ್ತರ ಕೊಟ್ಟರು. ಮಾಮೂಲಿ ಎಲ್‌ಡಿಎಲ್ ಕೊಟ್ಟರೆ ಮ್ಯಾಕ್ರೋಫೇಜ್ ಹೆಚ್ಚು ಮುಟ್ಟುವುದಿಲ್ಲ. ಅದನ್ನು ರಾಸಾಯನಿಕವಾಗಿ ಸ್ವಲ್ಪ ಕೆಡಿಸಿ ಕೊಟ್ಟರೆ ಗಬಗಬನೆ ನುಂಗುತ್ತದೆ. ಅದಕ್ಕೆ ಬೇರೆಯೇ ಒಂದು ಬಾಗಿಲಿದೆ, ಕಸ ಎತ್ತಲು ಇರುವ ಬಾಗಿಲು. ಅಲ್ಲಿ ಕೈ ಅಡ್ಡ ಹಿಡಿಯುವ ಪದ್ಧತಿಯೇ ಇಲ್ಲ. ಬಡಿಸಿದಷ್ಟೂ ಉಣ್ಣುತ್ತದೆ. ನಮ್ಮ ರಕ್ತನಾಳದ ಗೋಡೆಯಲ್ಲಿ ಸಿಕ್ಕಿಹಾಕಿಕೊಂಡ ಎಲ್‌ಡಿಎಲ್ ಕೂಡ ಆಕ್ಸಿಡೀಕರಣದಿಂದ ಹೀಗೇ ಕೆಡುತ್ತದೆ.

ಹಾಗಂತ ಕೊಬ್ಬು ಕೂಡಿಡುವುದೇ ರೋಗ ಅಂತ ತೀರ್ಮಾನಿಸಿದರೂ ತಪ್ಪಾಗುತ್ತದೆ. ಬಿಡಿ ಕೊಲೆಸ್ಟರಾಲ್ ಅತಿಯಾದರೆ ಕೋಶಕ್ಕೆ ವಿಷ. ಅದಕ್ಕೇ ಎಸಿಎಟಿ ಎಂಬ ಕಿಣ್ವ ಅದನ್ನು ಎಸ್ಟರ್ ಎಂಬ, ಕೂಡಿಡಲು ಬರುವ ರೂಪಕ್ಕೆ ತಂದು, ಹನಿಹನಿಯಾಗಿ ಮೂಲೆಯಲ್ಲಿ ಇಡುತ್ತದೆ. ಅಕ್ಕಿಯನ್ನು ಅಂಗಳದಲ್ಲಿ ಚೆಲ್ಲಾಡದೆ ಕಣಜಕ್ಕೆ ತುಂಬಿದ ಹಾಗೆ. ಔಷಧ ಕಂಪನಿಗಳು, ಈ ಕಣಜ ತುಂಬುವುದನ್ನೇ ನಿಲ್ಲಿಸಿದರೆ ಹೇಗೆ ಅಂತ ಲೆಕ್ಕ ಹಾಕಿದವು. ಕೇಳಲು ಎಷ್ಟು ಸರಿ ಅನ್ನಿಸುತ್ತದೆ! ಪ್ಯಾಕ್ಟಿಮೈಬ್ ಎಂಬ ಮಾತ್ರೆಯ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ರಕ್ತನಾಳದ ಗೋಡೆಯೊಳಗಿನ ಕೊಬ್ಬಿನ ಗಡ್ಡೆ ಕಡಿಮೆಯಾಗಲಿಲ್ಲ. ಕೆಲವು ಅಳತೆಗಳಲ್ಲಿ ಮಾತ್ರೆ ತಗೊಂಡವರ ಸ್ಥಿತಿಯೇ ಕೆಟ್ಟದಾಗಿತ್ತು. ನನಗೆ ಈ ಸೋತ ಪ್ರಯೋಗ ಗೆದ್ದ ಹತ್ತು ಪ್ರಯೋಗಗಳಿಗಿಂತ ಇಷ್ಟ. ಆ ಕೋಶ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ. ತೊಂದರೆ ಇರುವುದು ಬಾಗಿಲಿಗೆ ಬಂದು ಬೀಳುವ ಸರಕಿನಲ್ಲಿ.

ಕೊನೆಗೆ ಕಣಜವೂ ತುಂಬಿ ಕೋಶ ಸಾಯುತ್ತದೆ. ಸತ್ತವನ್ನು ಎತ್ತಲು ಬಂದವೂ ಅಲ್ಲೇ ಸಾಯುತ್ತವೆ. ಗೋಡೆಯೊಳಗೆ ಕೊಳೆತ ಗಂಜಿಯಂಥ ರಾಶಿ, ಮೇಲೊಂದು ತೆಳ್ಳನೆಯ ಪೊರೆ. ಪೊರೆ ಒಡೆದ ದಿನ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಹೃದಯಾಘಾತ ಬಹಳ ಸಲ ಆಗುವುದು ಹೀಗೆ. ಅರ್ಧವೂ ಮುಚ್ಚಿರದ ನಾಳದಲ್ಲೂ ಇದು ಆಗಬಹುದು. "ನಂಗೆ ಬ್ಲಾಕ್ ಬರೀ 40 ಪರ್ಸೆಂಟ್" ಅಂತ ನಿರಾಳವಾಗಿರುವವರನ್ನು ಕಂಡರೆ ನನಗೆ ಕಸಿವಿಸಿ ಆಗುವುದು ಅದಕ್ಕೇ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ. ಗೋಡೆ ಇರುವುದು ಮೈತುಂಬ. ನೀವು ಬಿಟ್ಟ ಕೊಲೆಸ್ಟರಾಲ್ ಮಾತ್ರೆ, ಅಂದರೆ ಸ್ಟ್ಯಾಟಿನ್, ಪೈಪ್ ಉಜ್ಜುವುದಿಲ್ಲ. ಅದು ಲಿವರ್‌ನಲ್ಲಿ ಕೊಲೆಸ್ಟರಾಲ್ ತಯಾರಿಗೆ ಅಡ್ಡ ಬರುತ್ತದೆ. ಆಗ ಲಿವರ್ ಆ ಮರ್ಯಾದಸ್ಥ ಬಾಗಿಲುಗಳನ್ನು ಜಾಸ್ತಿ ತೆರೆದು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಗೋಡೆಯ ಕೋಶಗಳಿಗೆ ಬಡಿಸುವವರು ಕಡಿಮೆಯಾಗುತ್ತಾರೆ, ಅಷ್ಟೇ.

ಪಂಕ್ತಿಯ ಮಾತು ಮಾವನಿಗೆ ಹಿಡಿಸಿತು. ಅಡುಗೆ ಕಂಟ್ರಾಕ್ಟ್ ಮಾಡಿದವರು ಅವರು. "ಅಂಥವರನ್ನ ನಾನೂ ನೋಡಿದ್ದೀನಿ, ಹದಿನಾರು ಹೋಳಿಗೆ ತಿಂದು ಎದ್ದು ಹೋದವರಿದ್ದಾರೆ" ಎಂದರು. ಡಾಕ್ಟರ ಹತ್ತಿರ ಹೋಗಿ ಮಾತ್ರೆ ಮತ್ತೆ ಶುರು ಮಾಡಿದ್ದಾರೆ.

ಮೊನ್ನೆ ಹೋದಾಗ ನೋಡಿದೆ, ಫ್ರಿಜ್‌ನಲ್ಲಿ ಬೆಳ್ಳುಳ್ಳಿ ಕಷಾಯದ ಬಾಟಲಿ ಹಾಗೇ ಇತ್ತು. ನಾನು ಏನೂ ಕೇಳಲಿಲ್ಲ. ಅವರೇ, "ಅದೂ ಒಂದು ಕಡೆ ಇರಲಿ ಬಿಡು" ಎಂದರು.